ನೈಟ್ ಕ್ಲಬ್ಬಿನಲ್ಲಿ ನನ್ನ ಪೀಠಿಕೆ

ನನಗೆ ಇಂಗ್ಲಿಷ್ ಬರುತ್ತದೆ ಎಂಬ ವಿಷಯದಲ್ಲಿ ಮೂವತ್ತನಾಲ್ಕನೆಯ ವಯಸ್ಸಿನವರೆಗೂ ನನಗೆ ಯಾವ ಸಂಶಯವೂ ಇರಲಿಲ್ಲ. ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ. ಒಂದು ವ್ಯಾಕರಣದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿದ್ದೆ. ಯಾವ ಕ್ರಿಯಾಪದವನ್ನು ತಂದು ಎದುರಿಗೆ ನಿಲ್ಲಿಸಿದರೂ ಉಸಿರು ಬಿಡದೆ ಅದರ ಮೂರೂ ರೂಪಗಳನ್ನು ಒಪ್ಪಿಸಬಲ್ಲವನಾಗಿದ್ದೆ. ಇಂಗ್ಲಿಷರು ಆ ಭಾಷೆಯನ್ನು ಬಾಯಲ್ಲಿ ಆಡುವುದನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಅದೊಂದು ದೊಡ್ಡ ಕೊರತೆ ಎಂದು ಆಗ ನನಗೆ ತೋರಿರಲಿಲ್ಲ.

ನಾನು ಕೆರೆಕಟ್ಟೆಯ ಶಾಲೆಗೆ ಏಕೈಕ ಮೇಷ್ಟ್ರು. ನಾಲ್ಕು ತರಗತಿ, ಒಂದು ಹಲಗೆ. ಶಾಲೆಯ ಕೊನೆಯ ಕೋಣೆಯೇ ನಮ್ಮ ಬಿಡಾರ. ಬಾಗಿಲು ತೆಗೆದರೆ ಎದುರಿಗೆ ಒಂದು ಹೆಬ್ಬಲಸಿನ ಮರ, ಅದರ ಹಿಂದೆ ಕಾಡು, ಕಾಡಿನ ಹಿಂದೆ ಮತ್ತೂ ಕಾಡು. ನನ್ನ ಹೆಂಡತಿ ಸಾವಿತ್ರಿ ಹುಟ್ಟಿ ಬೆಳೆದದ್ದು ನರಸಿಂಹರಾಜಪುರದ ಪೇಟೆ ಬೀದಿಯಲ್ಲಿ. ಈ ಜಗಲಿಯಿಂದ ಆ ಜಗಲಿಗೆ ಮಾತಾಡುತ್ತಲೇ ದೊಡ್ಡವಳಾದವಳು. ಕೆರೆಕಟ್ಟೆಗೆ ಬಂದ ಆರು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ ಒಂದು.

“ನಂಗೆ ಬಂಗಾರ ಬೇಡ, ರೇಷ್ಮೆ ಸೀರೆ ಬೇಡ. ಎದುರಿಗೊಂದು ಮನೆ ಇರೋ ಊರಿಗೆ ಕರ್ಕೊಂಡು ಹೋಗಿ, ಸಾಕು. ಬೆಳಿಗ್ಗೆ ಬಾಗ್ಲು ತೆಗೆದ್ರೆ ‘ಎಂತ ತಿಂಡಿ ಸಾವಿತ್ರಿ?’ ಅಂತ ಕೇಳೋಕೆ ಒಂದು ಜನ ಬೇಕು. ಈ ಮರಕ್ಕೆ ಬಾಯಿ ಇದ್ಯಾ ಹೇಳಿ?”

ಇಂಥ ಹೊತ್ತಿನಲ್ಲಿ ನರಸಿಂಹರಾಜಪುರದಲ್ಲಿ ಹೊಸದಾಗಿ ಇಂಗ್ಲಿಷ್ ಶಾಲೆ ಶುರುವಾಗುತ್ತದೆ, ಇಂಗ್ಲಿಷ್ ಮೇಷ್ಟ್ರು ಬೇಕಂತೆ ಎಂಬ ಸುದ್ದಿ ಬಂತು. ನಾನು ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆಯೂ ಬಂತು. ಅಂದಿನಿಂದ ನಮ್ಮಿಬ್ಬರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಸಾವಿತ್ರಿ ಟ್ರಂಕು ತುಂಬುತ್ತಿದ್ದಳು, ಖಾಲಿ ಮಾಡುತ್ತಿದ್ದಳು, ಮತ್ತೆ ತುಂಬುತ್ತಿದ್ದಳು. ನಾನು ಕಾಲು ಸುಟ್ಟ ಬೆಕ್ಕಿನಂತೆ ಶಾಲೆಯ ಒಳಗೂ ಹೊರಗೂ ಓಡಾಡುತ್ತಿದ್ದೆ. ಮಕ್ಕಳಿಗೆ ಒಂದೇ ಲೆಕ್ಕವನ್ನು ಮೂರು ದಿನ ಕೊಟ್ಟೆನಂತೆ. ಅವರು ಮೂರು ದಿನ ಮೂರು ಉತ್ತರ ತಂದರು. ಮೂರಕ್ಕೂ ಸರಿ ಹಾಕಿದೆ.

ಆ ಇಂಗ್ಲಿಷ್ ಶಾಲೆಯ ಸಮಿತಿಗೆ ಅಧ್ಯಕ್ಷರು ಸೀತೂರಿನ ನಾಗಪ್ಪಯ್ಯನವರು. ಎಲ್ಲರ ಬಾಯಲ್ಲೂ ಸೀತೂರಯ್ಯ. ಅವರಿಗೆ ಇಂಗ್ಲಿಷ್ ಬಾರದು, ಬೇಕಾಗಿಯೂ ಇರಲಿಲ್ಲ. ಅವರ ಕೀರ್ತಿ ಇದ್ದದ್ದು ತಾಳಮದ್ದಳೆಯಲ್ಲಿ. ತಾಳಮದ್ದಳೆ ಎಂದರೆ ವೇಷ ಕಟ್ಟದ, ಕುಣಿಯದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಅರ್ಥಧಾರಿಗಳು ಎದುರುಬದುರು ಕೂತು ತಮ್ಮ ತಮ್ಮ ಪಾತ್ರದ ಪಕ್ಷ ಹಿಡಿದು ವಾದಿಸುತ್ತಾರೆ. ರಾಕ್ಷಸನ ಪಾಲು ಬಂದವನು ರಾಕ್ಷಸನನ್ನು ಸಮರ್ಥಿಸಲೇಬೇಕು, ಮನೆಯಲ್ಲಿ ಮೂರು ಹೊತ್ತು ಸಂಧ್ಯಾವಂದನೆ ಮಾಡುವವನಾದರೂ! ಸೀತೂರಯ್ಯ ಎದುರಿಗೆ ಕೂತರೆಂದರೆ ಎಂಥ ಅರ್ಥಧಾರಿಗೂ ಹಣೆಯಲ್ಲಿ ಬೆವರು. ನಾನೂ ಸಣ್ಣ ಪ್ರಮಾಣದಲ್ಲಿ ಅರ್ಥ ಹೇಳುವವನೇ. ಸೋಲು ಎಂಬುದು ನನ್ನ ನಾಲಗೆಗೆ ಅಭ್ಯಾಸವಿಲ್ಲ. ಅಡುಗೆಮನೆಯ ಒಂದು ಕೂಟ ಬಿಟ್ಟರೆ.

ಸಂದರ್ಶನ ಸೋಮವಾರ. ಅದಕ್ಕೆ ಒಂದು ವಾರ ಮುಂಚೆ ಕೊಪ್ಪದಿಂದ ರುದ್ರಪ್ಪನ ಚೀಟಿ ಬಂತು. ಬಾಳೆಹೊನ್ನೂರಿನ ಕಡೆಯ ವ್ಯಾಪಾರಸ್ಥ ರುದ್ರಪ್ಪ ಕೊಪ್ಪದಲ್ಲಿ ಟೆಂಟು ಹಾಕಿ ಟಾಕಿ ಸಿನಿಮಾ ತೋರಿಸುತ್ತಿದ್ದ. ಒಂದು ದೇವರ ಚಿತ್ರ ಕಳಿಸಿ ಎಂದು ಕಂಪನಿಗೆ ಬರೆದಿದ್ದನಂತೆ. ಯುದ್ಧದ ಕಾಲ. ಯಾವ ಪೆಟ್ಟಿಗೆ ಎಲ್ಲಿ ಇಳಿಯುತ್ತದೆ ಎಂದು ಬ್ರಹ್ಮನಿಗೂ ಗೊತ್ತಿರಲಿಲ್ಲ. ನರಸಿಂಹರಾಜಪುರಕ್ಕೆ ಬರುವ ಪುಟ್ಟ ಟ್ರಾಮ್ ರೈಲಿನಿಂದ ಇಳಿದ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ದೇವರೂ ಇಲ್ಲ, ಕಿರೀಟವೂ ಇಲ್ಲ. ಯಾವುದೋ ಇಂಗ್ಲಿಷ್ ಕೊಲೆಯ ಚಿತ್ರ! ವಾಪಸು ಕಳಿಸಿದರೆ ಎರಡು ವಾರ ಟೆಂಟು ಖಾಲಿ. ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆ ಹೇಳುವವರು ಒಬ್ಬರು ಬೇಕು, ತಾವೇ ಬಂದು ಮಾನ ಉಳಿಸಬೇಕು ಎಂದು ಬರೆದಿದ್ದ.

ನನ್ನ ತಲೆಯಲ್ಲಿ ದೀಪ ಹತ್ತಿತು. ಸೋಮವಾರ ಸಂದರ್ಶನ, ಶನಿವಾರ ಚಿತ್ರ. ಸೀತೂರಯ್ಯನವರನ್ನು ಚಿತ್ರಕ್ಕೆ ಕರೆಸಿದರೆ? ನನ್ನ ಇಂಗ್ಲಿಷನ್ನು ಕಣ್ಣಾರೆ ಕಂಡ ಮೇಲೆ ಸಂದರ್ಶನಕ್ಕೆ ಏನು ಉಳಿಯಿತು? ತಾಂಬೂಲ ಬದಲಾಯಿಸಿಕೊಳ್ಳುವುದೊಂದೇ! ಕೂಡಲೇ ಪತ್ರ ಬರೆದೆ: “ತಾವು ಕೊಪ್ಪಕ್ಕೆ ಚಿತ್ತೈಸಿ, ಈ ಅಲ್ಪನ ಆಂಗ್ಲ ಪಾಂಡಿತ್ಯವನ್ನು ಪರಾಂಬರಿಸಿ, ಆಶೀರ್ವದಿಸಬೇಕಾಗಿ ಸಾಷ್ಟಾಂಗ ಪ್ರಾರ್ಥನೆ.”

ಸಾವಿತ್ರಿ ಪತ್ರ ಓದಿ, “ಸುಮ್ನೆ ಸೋಮವಾರ ಹೋದ್ರೆ ಆಗ್ತಿರ್ಲಿಲ್ವಾ? ಇರಲಾರ್ದೆ ಇರುವೆ ಬಿಟ್ಕೊಂಡ ಹಾಗೆ ಆಗ್ತದೆ ನೋಡಿ” ಎಂದಳು. ಹೆಂಗಸರಿಗೆ ದೂರದೃಷ್ಟಿ ಕಡಿಮೆ ಎಂದು ನಾನು ಮನಸ್ಸಿನಲ್ಲೇ ಕ್ಷಮಿಸಿದೆ.

ಶನಿವಾರ ಟ್ರಂಕಿನ ಸಮೇತ ಕೊಪ್ಪಕ್ಕೆ ಹೊರಟೆವು. ಬಸ್ಸುಗಳೆಲ್ಲ ಆಗ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಗೌರವದ ಮಾತು. ಏರು ಬಂದಾಗಲೆಲ್ಲ ಇಳಿದು ನೂಕಿದೆವು. ಕೊಪ್ಪ ಮುಟ್ಟುವಷ್ಟರಲ್ಲಿ ನನ್ನ ಬಿಳಿ ಕೋಟು ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಸಾವಿತ್ರಿಯ ಚಿಕ್ಕಮ್ಮನ ಮನೆಯಲ್ಲಿ ಮುಖ ತೊಳೆದು, ಸಂಜೆ ಆರಕ್ಕೆಲ್ಲ ಟೆಂಟಿನಲ್ಲಿದ್ದೆ. ರುದ್ರಪ್ಪ ನನ್ನ ಕೈಗೆ ಒಂದು ತಗಡಿನ ತುತ್ತೂರಿ ಕೊಟ್ಟ. ಅದರಲ್ಲಿ ಮಾತಾಡಿದರೆ ಕೊನೆಯ ಬೆಂಚಿಗೂ ಕೇಳುತ್ತದಂತೆ.

“ಚಿತ್ರ ಮುಂಚೆ ಒಂದ್ಸಲ ತೋರಿಸ್ತೀಯೇನಪ್ಪ?” ಎಂದೆ.

“ಅದಕ್ಕೆ ಬೇರೆ ಸೀಮೆಎಣ್ಣೆ ಎಲ್ಲಿ ತರ್ಲಿ ಮೇಷ್ಟ್ರೆ? ನಿಮಗೆ ಯಾಕೆ ಬೇಕು? ಇಂಗ್ಲಿಷು ನಿಮಗೆ ನೀರು ಕುಡಿದಂಗೆ” ಎಂದ ರುದ್ರಪ್ಪ. ಆಮೇಲೆ ದನಿ ತಗ್ಗಿಸಿ ಕೇಳಿದ. “ಅಂದ್ಹಾಗೆ, ಕಥೆ ನಡಿಯೋದು ನೈಟ್ ಕ್ಲಬ್ಬಿನಲ್ಲಂತೆ. ಹಂಗಂದ್ರೆ ಏನ್ರಿ?”

ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದಕ್ಕೆ ನನ್ನನ್ನು ಕರೆಸಿರಲಿಲ್ಲ. “ರಾತ್ರಿ ಹೊತ್ತು ತೆರೆದಿರುವ ಕಾಫಿ ಹೋಟ್ಲು” ಎಂದೆ.

“ರಾತ್ರಿ ಕಾಫಿ ಕುಡಿದ್ರೆ ನಿದ್ದೆ ಬರಲ್ವಲ್ರಿ?”

“ಅದಕ್ಕೇ ಕೊಲೆ ನಡೆಯುವುದು!”

ರುದ್ರಪ್ಪ ಕೈ ಮುಗಿದು ಹೋದ.

ಟೆಂಟು ತುಂಬಿತು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಮುಂದೆ ಎರಡು ಮರದ ಕುರ್ಚಿ. ಒಂದರಲ್ಲಿ ಸೀತೂರಯ್ಯ, ಶಾಲು ಹೊದ್ದು, ಎಲೆಯಡಿಕೆಯ ಸಂಚಿ ತೊಡೆಯ ಮೇಲಿಟ್ಟುಕೊಂಡು. ನನ್ನನ್ನು ನೋಡಿ “ಎಂತ ಮೇಷ್ಟ್ರೆ, ಶುರು ಮಾಡುವನಾ?” ಎಂದರು. ಹಿಂದಿನ ಬೆಂಚಿನಲ್ಲಿ ಹಳೆಯ ಕಪ್ಪು ಕೋಟು ಹಾಕಿದ ಮುದುಕನೊಬ್ಬ ಒಬ್ಬನೇ ಕೂತಿದ್ದ. ಅವನನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದೀಪ ಆರಿತು. ಎಂಜಿನ್ನು ಗುಡುಗುಡು ಎಂದಿತು. ಪರದೆಯ ಮೇಲೆ ಒಂದು ಕೋಣೆ ಬಂತು. ನಾಲ್ಕು ಮೇಜು, ಒಂದು ಮೆಟ್ಟಿಲು, ಒಂದು ಬಾಗಿಲು. ಯಾರೋ ಬಾಗಿಲು ಹಾಕಿದರು. ಗೋಡೆ ಅಲ್ಲಾಡಿತು! ಬಟ್ಟೆಯ ಗೋಡೆ ಇದ್ದಿರಬೇಕು. ಇಂಗ್ಲಿಷರಲ್ಲೂ ಬಡವರಿದ್ದಾರೆ ಎಂದು ನನಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಜನ ಮಾತಾಡತೊಡಗಿದರು. ನನ್ನ ಧೈರ್ಯ ಅಲ್ಲಿಗೆ ಮುಗಿಯಿತು.

ಏನು ಹೇಳಲಿ! ಅದು ಇಂಗ್ಲಿಷು ಎಂಬುದೇ ನನಗೆ ಗೊತ್ತಾಗಲಿಲ್ಲ. ಬಾಯಲ್ಲಿ ಸಿಗರೇಟು ಇಟ್ಟುಕೊಂಡು, ತುಟಿ ಅಲ್ಲಾಡಿಸದೆ, ಮೂಗಿನಿಂದ ಗೊಣಗುತ್ತಿದ್ದರು. ನನ್ನ ವ್ಯಾಕರಣ ಪುಸ್ತಕದ ಒಂದೇ ಒಂದು ಕ್ರಿಯಾಪದವೂ ಆ ಕಡೆ ಸುಳಿಯಲಿಲ್ಲ. ತುತ್ತೂರಿ ಬಾಯಿಗೆ ಹಿಡಿದು ಕಂಬದ ಹಾಗೆ ನಿಂತೆ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ನೆಲದ ಮೇಲೆ ಕೂತವರು ಸಿಳ್ಳೆ ಹಾಕಿದರು. “ಮೇಷ್ಟ್ರಿಗೆ ಎಂತ, ಗಂಟ್ಲು ಕಟ್ತಾ?” ಎಂದು ಯಾರೋ ಕೂಗಿದರು. ಸೀತೂರಯ್ಯ ಕೆಮ್ಮಿದರು. ಆ ಕೆಮ್ಮಿನಲ್ಲಿ ನನಗೆ ಕೆರೆಕಟ್ಟೆಯ ಹೆಬ್ಬಲಸಿನ ಮರ ಕಾಣಿಸಿತು.

ಆಗ ಪರದೆಯ ಮೇಲೆ ಬಿಳಿ ಕೋಟಿನ, ಸಣ್ಣ ಮೀಸೆಯ ಒಬ್ಬ ಬಂದು ಹೋಟ್ಲಿನ ಗಲ್ಲಾದಂಥ ಒಂದು ಕಟ್ಟೆಯ ಹಿಂದೆ ನಿಂತ. ನಿಂತ ಗತ್ತು ನೋಡಿದರೆ ಇವನೇ ಯಜಮಾನ! ನನ್ನ ನಾಲಗೆ ನನ್ನನ್ನು ಕೇಳದೆ ತಾನೇ ಹೊರಟಿತು.

“ಎಲೈ ಸಭಾಸದರೇ! ನಾನು ಯಾರೆಂದು ಬಲ್ಲಿರಾ? ಈ ರಾತ್ರಿಯ ಕ್ಲಬ್ಬಿನ ಒಡೆಯ. ಲೋಕವೆಲ್ಲ ಮಲಗಿದಾಗ ಎಚ್ಚರವಿರುವವನನ್ನು ಬಲ್ಲವರು ಏನೆನ್ನುತ್ತಾರೆ? ಯೋಗಿ ಎನ್ನುತ್ತಾರೆ. ಹಾಗಾದರೆ ಇರುಳೆಲ್ಲ ಕಣ್ಣುಮುಚ್ಚದೆ ನಾಲ್ಕು ಮೇಜಿನವರಿಗೆ ಬಡಿಸುವ ನಾನು ಯೋಗಿಯಲ್ಲವೇ?”

ಸಿಳ್ಳೆ ನಿಂತಿತು. “ಭಲೇ!” ಎಂದಿತು ಒಂದು ದನಿ. ಇನ್ನು ಕೇಳಬೇಕೆ! ತಾಳಮದ್ದಳೆಯಲ್ಲಿ ಪಾತ್ರ ಮೊದಲು ಬಂದಾಗ ತನ್ನ ಹಿನ್ನೆಲೆ ಹೇಳಿಕೊಳ್ಳುವುದಕ್ಕೆ ಪೀಠಿಕೆ ಎನ್ನುತ್ತಾರೆ. ಒಳ್ಳೆಯ ಅರ್ಥಧಾರಿಗೆ ಅದು ಒಂದು ಗಂಟೆಯ ಮಾತು. ನಾನು ಕ್ಲಬ್ಬಿನವನ ತಂದೆಯನ್ನು ಹೇಳಿದೆ, ಅಜ್ಜನನ್ನು ಹೇಳಿದೆ, ಅಜ್ಜ ಮೊದಲ ಮೇಜು ಮಾಡಿಸಿದ ಕಷ್ಟವನ್ನು ಹೇಳಿದೆ. ಹೆಂಗಸರ ಕಡೆ ಯಾರೋ ಮೂಗು ಒರೆಸಿಕೊಂಡರು. ನಡುವೆ ಎಲ್ಲೋ ಪರದೆಯಲ್ಲಿ ಢಂ ಎಂದಿತು. ಒಬ್ಬ ದಪ್ಪ ಮನುಷ್ಯ ಮೇಜಿನ ಮೇಲೆ ತಲೆಯಿಟ್ಟು ಮಲಗಿದ. ಊಟ ಹೆಚ್ಚಾಯಿತೇನೋ ಎಂದುಕೊಂಡು ನಾನು ಮುತ್ತಜ್ಜನಿಗೆ ಹೋದೆ. ಹಿಂದಿನ ಬೆಂಚಿನ ಕಪ್ಪು ಕೋಟಿನ ಮುದುಕ ಕಿಸಕ್ಕನೆ ನಕ್ಕ. ಅಲ್ಲಿ ನಗುವಂಥದ್ದು ಏನಿತ್ತೋ ತಿಳಿಯಲಿಲ್ಲ.

ಅಷ್ಟರಲ್ಲಿ ಬೆನ್ನಿಗೆ ಬಟ್ಟೆಯಿಲ್ಲದ ಒಬ್ಬ ಹೆಣ್ಣುಮಗಳು ಬಂದು ಹಾಡಿದಳು. ಹಿಂದೆ ಒಬ್ಬ ಡೋಲು ಬಾರಿಸಿದ. ಹಾಡು ಮುಗಿಯುತ್ತಲೇ ನೆಲದ ಜನ ಒಕ್ಕೊರಲಿನಿಂದ ಕೂಗಿದರು. “ಪದ ಆಯ್ತು, ಅರ್ಥ ಹೇಳಿ ಮಾರಾಯ್ರೆ!” ನಮ್ಮ ಕಡೆಯ ಕಿವಿಗೆ ಅದು ಸಹಜವೇ. ಭಾಗವತರಿದ್ದರು, ಮದ್ದಳೆಯಿತ್ತು, ನಾನಿದ್ದೆ. ಹೇಳಿದೆ. ಆ ಚಿತ್ರದವರ ಬಳಿ ಇದ್ದದ್ದು ಒಂದೇ ಹಾಡು ಎಂದು ಕಾಣುತ್ತದೆ. ಅದನ್ನೇ ಮೂರು ಸಲ ಹಾಡಿಸಿದರು. ನಾನು ಮೂರು ಸಲ ಬೇರೆ ಬೇರೆ ಅರ್ಥ ಹೇಳಿದೆ.

ಎಲ್ಲವೂ ಅಲ್ಲಿಗೇ ನಿಂತಿದ್ದರೆ ನಾನು ಇಂದು ನರಸಿಂಹರಾಜಪುರದಲ್ಲಿ ಇರುತ್ತಿದ್ದೆ. ಆದರೆ ತಾಳಮದ್ದಳೆಯಲ್ಲಿ ಒಬ್ಬನೇ ಮಾತಾಡಿದರೆ ಅದು ಕೂಟವಲ್ಲ. ಅರ್ಥಕ್ಕೆ ಎದುರರ್ಥ ಬರಬೇಕು. ಮುಂದಿನ ಕುರ್ಚಿಯಲ್ಲಿ ಕೂತವರು ಇಡೀ ಸೀಮೆಗೆ ದೊಡ್ಡ ಅರ್ಥಧಾರಿ. ಎದುರಿಗೆ ಒಬ್ಬ ಚಿಗುರುಮೀಸೆಯವನು ಇಷ್ಟು ಹೊತ್ತು ಪೀಠಿಕೆ ಹಾಕುತ್ತಿದ್ದರೆ ಸುಮ್ಮನೆ ಎಲೆಯಡಿಕೆ ಜಗಿಯುತ್ತ ಕೂರಲು ಅವರೇನು ಕಲ್ಲೇ? ಅವರ ಕಾಲು ಕುಣಿಯುತ್ತಿದ್ದುದನ್ನು, ಶಾಲು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗುತ್ತಿದ್ದುದನ್ನು ನಾನು ನೋಡಬೇಕಾಗಿತ್ತು. ನೋಡಲಿಲ್ಲ.

ಟೊಪ್ಪಿಗೆ ಹಾಕಿದ ಒಬ್ಬ ಪರದೆಯ ಮೇಲೆ ಬಂದು ಬಿಳಿ ಕೋಟಿನವನ ಕಡೆ ಬೆರಳು ತೋರಿಸಿದ. ಸೀತೂರಯ್ಯ ಎಲೆಯಡಿಕೆ ಉಗಿದು ಎದ್ದು ನಿಂತರು. ಅವರ ನೆರಳು ಪರದೆಯ ಅರ್ಧ ಮುಚ್ಚಿತು.

“ಎಲೈ ಕ್ಲಬ್ಬಿನವನೇ!” ಎಂದು ಗುಡುಗಿದರು. ಅವರಿಗೆ ತುತ್ತೂರಿ ಬೇಕಾಗಲಿಲ್ಲ. “ಯೋಗಿ ಎಂದು ಹೇಳಿಕೊಂಡೆಯಲ್ಲ, ಯೋಗಿಯ ಮನೆಯಲ್ಲಿ ಹೆಣ ಬೀಳುವುದುಂಟೇ? ನಾನು ಈ ಪಟ್ಟಣದ ಕಾವಲು ಹೊತ್ತ ಅಧಿಕಾರಿ. ಸತ್ತವನ ಲೆಕ್ಕ ಒಪ್ಪಿಸು!”

ಟೆಂಟಿನಲ್ಲಿ ಸಂಭ್ರಮವೋ ಸಂಭ್ರಮ! ಜನ ಪರದೆಯ ಕಡೆಗೆ ಬೆನ್ನು ಹಾಕಿ ನಮ್ಮಿಬ್ಬರ ಕಡೆ ತಿರುಗಿ ಕೂತರು. ರುದ್ರಪ್ಪ ತಲೆಯ ಮೇಲೆ ಕೈ ಹೊತ್ತು ಓಡಿಬಂದ.

“ಅಯ್ಯೋ, ಫಿಲ್ಮು ಓಡ್ತಾ ಐತೆ ಕಣ್ರಪ್ಪ! ಅದನ್ನ ನೋಡ್ರಿ!”

“ಓಡ್ಲಿ ಬಿಡಿ ಮಾರಾಯ್ರೆ” ಎಂದ ನೆಲದ ಮೇಲಿನವನೊಬ್ಬ. “ಅದು ನಾಳೆನೂ ಓಡ್ತದೆ. ಇದು ನಾಳೆ ಸಿಗ್ತದಾ?”

ಹೆಂಗಸರ ಕಡೆಯಿಂದ ಸಾವಿತ್ರಿ ಎದ್ದು ನಿಂತು ನನ್ನತ್ತ ಎರಡೂ ಕೈ ಜೋಡಿಸಿ ತೋರಿಸುತ್ತಿದ್ದಳು. ಮದುವೆಯಾದ ಎಂಟು ವರ್ಷಕ್ಕೆ ಮೊದಲ ಸಲ ನನ್ನ ಹೆಂಡತಿ ನನ್ನ ವಿದ್ವತ್ತಿಗೆ ಕೈ ಮುಗಿದಳು ಎಂದು ನಾನು ಉಬ್ಬಿಹೋದೆ. ಆಮೇಲೆ ತಿಳಿಯಿತು, ಅದು ‘ನಿಮ್ಮ ದಮ್ಮಯ್ಯ, ಸೋತುಬಿಡಿ’ ಎಂಬುದರ ಮುದ್ರೆ.

ಸೋಲುವುದೇ! ಸೀತೂರಯ್ಯ ಒಂದು ಹೇಳಿದರೆ ನಾನು ಎರಡು ಹೇಳಿದೆ. ಅವರು ಕಾವಲಿನ ಧರ್ಮ ಎತ್ತಿದರು, ನಾನು ಆತಿಥ್ಯದ ಧರ್ಮ ಎತ್ತಿದೆ. ಪರದೆಯ ಮೇಲೆ ಯಾರೋ ಓಡುತ್ತಿದ್ದರು, ಯಾರೋ ಮೆಟ್ಟಿಲಿನಿಂದ ಬೀಳುತ್ತಿದ್ದರು, ಗೋಡೆ ಮತ್ತೆ ಮತ್ತೆ ಅಲ್ಲಾಡುತ್ತಿತ್ತು. ಯಾರಿಗೆ ಬೇಕು! ಚಿತ್ರ ಮುಗಿದು ಪರದೆ ಬೆಳ್ಳಗಾಯಿತು. ದೀಪ ಹತ್ತಿತು. ಒಬ್ಬರೂ ಏಳಲಿಲ್ಲ. ಆ ಬೆಳಕಿನಲ್ಲಿ ನಾನು ಕಡೆಯ ಬಾಣ ಬಿಟ್ಟೆ.

“ಎಲೈ ಟೊಪ್ಪಿಗೆಧಾರಿಯೇ! ಹೆಣ ಬೀಳುವಾಗ ನೀನು ಎಲ್ಲಿದ್ದೆ? ನನ್ನದೇ ಮೇಜಿನ ಮುಂದೆ ಕೂತು, ನಾನು ಬಡಿಸಿದ್ದನ್ನು ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ! ಈಗ ಕೈ ತೊಳೆದು ಬಂದು ನನ್ನಲ್ಲೇ ಹುಳುಕು ಹುಡುಕುತ್ತೀಯಾ? ಉಂಡ ಮನೆಯ ಜಂತೆ ಎಣಿಸುವವನು ನ್ಯಾಯ ಹೇಳಬಹುದೇ?”

ನಗು ಎದ್ದಿತು ನೋಡಿ, ಟೆಂಟಿನ ಗೂಟ ಕೀಳುವಂಥ ನಗು! ನನ್ನ ವಾದ ಅಷ್ಟು ಚೆನ್ನಾಗಿತ್ತೇ ಎಂದು ನನಗೇ ಆಶ್ಚರ್ಯ. ಆಗ ನೆನಪಾಯಿತು. ಎರಡು ತಿಂಗಳ ಹಿಂದೆ ಕೊಪ್ಪದ ಒಂದು ಮದುವೆಯಲ್ಲಿ ಸೀತೂರಯ್ಯ ಎಂಟು ಹೋಳಿಗೆ ಉಂಡು, ಕೈ ತೊಳೆಯುತ್ತ “ಹೂರಣ ಸ್ವಲ್ಪ ಹಳಸಿತ್ತು” ಎಂದಿದ್ದರು. ಈ ಮಾತು ಕೊಪ್ಪದಲ್ಲಿ ಮನೆಮನೆಗೂ ಹೋಗಿತ್ತು. ದೇವರಾಣೆಗೂ ನಾನು ಅದನ್ನು ಮನಸ್ಸಿನಲ್ಲಿಟ್ಟು ಹೇಳಿದ್ದಲ್ಲ. ಸೀತೂರಯ್ಯನ ಮುಖ ಕೆಂಪಾಯಿತು. ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಜನ ನನ್ನನ್ನು ಎತ್ತಿ ಬೆಂಚಿನ ಮೇಲೆ ನಿಲ್ಲಿಸಿದರು.

ಚಿಕ್ಕಮ್ಮನ ಮನೆಗೆ ನಡೆದು ಬರುವಾಗ ಸಾವಿತ್ರಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಆಮೇಲೆ ತಿರುಗಿ ಕೇಳಿದಳು.

“ಗೆದ್ರಿ ಅಲ್ದಾ?”

“ಗೆದ್ದೆ.”

“ಸೋಮವಾರ ಕೆಲಸ ಕೊಡೋದು ಗೆದ್ದವ್ರಾ, ಸೋತವ್ರಾ?”

ಭಾನುವಾರ ಇಡೀ ದಿನ ಚಿಕ್ಕಮ್ಮನ ಜಗಲಿಯನ್ನು ಕಾಲಿನಿಂದ ಅಳೆದೆ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಊಟದ ಎಲೆಯ ಮುಂದೆ ಕೂತವನು ಪಾಯಸ ಬರುವ ಮುಂಚೆಯೇ ಎದ್ದೆ. ಕೊನೆಗೆ ಸಾವಿತ್ರಿಯೇ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದಳು. “ನೋಡಿ, ನಾಳೆ ಅವ್ರು ಎಂತ ಬೇಕಾದ್ರೂ ಹೇಳ್ಲಿ. ನೀವು ‘ತಪ್ಪಾಯ್ತು’ ಅನ್ನಿ. ಒಂದೇ ಶಬ್ದ. ಅದರ ಮುಂದೆ ಎಂತದೂ ಇಲ್ಲ, ಹಿಂದೆ ಎಂತದೂ ಇಲ್ಲ. ನಂಗೋಸ್ಕರ ಹೇಳ್ತೀರಾ?” ಅವಳ ಕಣ್ಣು ಒದ್ದೆಯಾಗಿತ್ತು. ಆಗಲಿ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ.

ಸೋಮವಾರ ಬಸ್ಸಿನಲ್ಲಿ ಉದ್ದಕ್ಕೂ ಅಭ್ಯಾಸ ಮಾಡಿದೆ. ತಪ್ಪಾಯ್ತು, ತಪ್ಪಾಯ್ತು, ತಪ್ಪಾಯ್ತು. ಕಂಡಕ್ಟರು ಹೆದರಿ, “ಎಂತ ತಪ್ಪಾಯ್ತು ಮೇಷ್ಟ್ರೆ? ಬಸ್ಸಾ?” ಎಂದ. ನರಸಿಂಹರಾಜಪುರದಲ್ಲಿ ಇಳಿದದ್ದೇ ಸಾವಿತ್ರಿ ತವರುಮನೆಯ ಬೀದಿಗೆ ಓಡಿದಳು. ಅಲ್ಲಿ ಒಂದು ಬಾಡಿಗೆ ಮನೆ ಖಾಲಿ ಇದೆಯೆಂದು ಅವಳಿಗೆ ಮೊದಲೇ ಗೊತ್ತಿತ್ತು. ನಾನು ಸಮಿತಿಯ ಕಚೇರಿಗೆ ನಡೆದೆ.

ಹೊರಗಿನ ಬೆಂಚಿನಲ್ಲಿ ಇನ್ನೊಬ್ಬ ಉಮೇದುವಾರ ಕೂತಿದ್ದ. ತೆಳ್ಳಗೆ, ಹೆದರಿದ ಮೊಲದಂತೆ. ಏನು ಕೇಳಿದರೂ “ಎಸ್ ಸಾರ್” ಎನ್ನುತ್ತಿದ್ದ. ಇವನೇನು ಮಹಾ ಎಂದುಕೊಂಡು ಒಳಗೆ ಹೋದೆ. ಮೇಜಿನ ಹಿಂದೆ ಇಬ್ಬರಿದ್ದರು. ಒಬ್ಬರು ಸೀತೂರಯ್ಯ. ಅವರ ಪಕ್ಕದಲ್ಲಿ ಹಳೆಯ ಕಪ್ಪು ಕೋಟು!

“ಇವ್ರು ಅಂತೋಣಿ” ಎಂದರು ಸೀತೂರಯ್ಯ, ನನ್ನ ಮುಖ ನೋಡದೆ. “ಕಾಫಿ ತೋಟದ ದೊರೆ ಬಂಗ್ಲೆಯಲ್ಲಿ ಮೂವತ್ತು ವರ್ಷ ಬಟ್ಲರ್ ಆಗಿದ್ರು. ನಮ್ಗ್ಯಾರ್ಗೂ ಇಂಗ್ಲಿಷ್ ಬರೋದಿಲ್ಲ, ಪರೀಕ್ಷೆ ಮಾಡ್ಲಿಕ್ಕೆ ಒಬ್ರು ಬೇಕಲ್ಲ.”

ಅಂತೋಣಿ ನಕ್ಕು ಏನೋ ಕೇಳಿದ. ಬಾಯಿಂದ ಬಂದದ್ದು ಥೇಟು ಆ ಚಿತ್ರದವರ ಮಾತು. ನಾನು ಅವನ ತುಟಿಯನ್ನೇ ನೋಡಿದೆ. ಅವನು ಇನ್ನೊಂದು ಸಲ ನಿಧಾನವಾಗಿ ಕೇಳಿದ. ಪ್ರಯೋಜನವಾಗಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ಕನ್ನಡಕ್ಕೆ ಇಳಿದ.

“ಇರ್ಲಿ ಬಿಡಿ ಮಾಸ್ಟ್ರೆ. ಶನಿವಾರದ ಫಿಲ್ಮ್ ಉಂಟಲ್ಲ, ಅದರಲ್ಲಿ ಕ್ಲಬ್ಬಿನ ಯಜಮಾನ ಯಾರು?”

“ಬಿಳಿ ಕೋಟಿನವನು” ಎಂದೆ.

“ಅಲ್ಲ ಮಾಸ್ಟ್ರೆ. ಯಜಮಾನ ಮೊದಲ ಹತ್ತು ನಿಮಿಷಕ್ಕೇ ಸತ್ತ. ಆ ದಪ್ಪ ಜನ. ಆಗ ನೀವು ಅವನ ಅಜ್ಜನ ಕಥೆ ಹೇಳ್ತಾ ಇದ್ರಿ.”

“ಮತ್ತೆ ಬಿಳಿ ಕೋಟಿನವನು?” ಎಂದೆ.

“ಬಿಳಿ ಕೋಟಿನವ ಪೊಲೀಸು. ವೇಷ ಹಾಕ್ಕೊಂಡು ಬಂದದ್ದು. ಕೊಂದದ್ದು ಟೊಪ್ಪಿಯವ.” ಅಂತೋಣಿ ಸೀತೂರಯ್ಯನ ಕಡೆ ತಿರುಗಿ ವಿನಯದಿಂದ ತಲೆ ಬಾಗಿಸಿದ. “ಅಯ್ಯ, ತಾವು ಮಾತಾಡಿದ್ದು ಕೊಲೆಗಾರನ ಪರವಾಗಿ.”

ನಾನು ಸೀತೂರಯ್ಯನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮೆಲ್ಲಗೆ ಅವರ ಹೊಟ್ಟೆ ಅಲ್ಲಾಡತೊಡಗಿತು. ನೋಡುತ್ತಿದ್ದಂತೆ ಗಹಗಹಿಸಿ ನಕ್ಕರು! ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದರು. “ಅಯ್ಯೋ ನಮ್ಮ ಬುದ್ಧಿಗಿಷ್ಟು! ಹಾಗಾದ್ರೆ ಮೇಷ್ಟ್ರೆ, ನಾನೂ ತಪ್ಪು, ನೀವೂ ತಪ್ಪು. ಹೌದನಾ? ‘ತಪ್ಪಾಯ್ತು’ ಅಂತ ನೀವೊಂದು ಮಾತು ಹೇಳಿ, ನಾನೊಂದು ಮಾತು ಹೇಳ್ತೆ. ಹೋಳಿಗೆ ವಿಷಯ ಇಲ್ಲಿಗೇ ಬಿಡುವ. ಇಂಗ್ಲಿಷು ಮಕ್ಕಳ ಜೊತೆ ನೀವೂ ಕಲಿತರಾಯ್ತು.”

ಓದುಗರೇ, ಗಮನಿಸಿ. ಕೆಲಸ ಮೇಜಿನ ಮೇಲಿತ್ತು. ಎದುರು ಮನೆ ಮೇಜಿನ ಮೇಲಿತ್ತು. ಕೈ ಚಾಚಿ ತೆಗೆದುಕೊಳ್ಳುವುದಷ್ಟೇ ಬಾಕಿ. ನೂರು ಸಲ ಬಾಯಿಪಾಠ ಮಾಡಿದ ಶಬ್ದ ನಾಲಗೆಯ ತುದಿಗೂ ಬಂತು. ಹೇಳಲು ಬಾಯಿ ತೆರೆದೆ.

“ತಪ್ಪು ಹೇಗಾಗುತ್ತದೆ?” ಎಂದಿತು ನನ್ನ ಬಾಯಿ. “ಬಿಳಿ ಕೋಟಿನವನು ಪೊಲೀಸು ಎಂದಮೇಲೆ ನನ್ನದು ಧರ್ಮದ ಪಕ್ಷವೇ ಆಯಿತಲ್ಲ! ಶನಿವಾರ ಗೆದ್ದದ್ದು ಸತ್ಯ, ಸೋತದ್ದು ಕೊಲೆಗಾರ!”

ಅಯ್ಯೋ, ನಾಲಗೆ ಕಚ್ಚಿಕೊಂಡೆ. ತಡವಾಗಿತ್ತು. ಸೀತೂರಯ್ಯನ ನಗು ನಿಂತಿತು. ಶಾಲು ಎಡಹೆಗಲಿನಿಂದ ಬಲಹೆಗಲಿಗೆ ಹೋಯಿತು.

“ಹೋ! ಕೊಲೆಗಾರನಿಗೆ ಪಕ್ಷ ಇಲ್ಲ ಅಂತ ತಿಳ್ಕೊಂಡ್ರಾ?” ಎಂದು ಕುರ್ಚಿ ಹಿಂದಕ್ಕೆ ಸರಿಸಿದರು. ಮಾತು ತಾಳಮದ್ದಳೆಯ ಗ್ರಾಂಥಿಕಕ್ಕೆ ತಿರುಗಿತು. “ಎಲೈ ವೇಷಧಾರಿ ಪೊಲೀಸನೇ! ವೇಷ ಹಾಕಿ ಅನ್ಯರ ಮನೆ ಹೊಕ್ಕವನು ಕಳ್ಳನೋ, ಕಾವಲಿನವನೋ?”

ಇದಕ್ಕೆ ಉತ್ತರ ಕೊಡದೆ ಇರುವುದು ಹೇಗೆ ನೀವೇ ಹೇಳಿ! ಕೊಟ್ಟೆ. ಅವರೂ ಕೊಟ್ಟರು. ಅಂತೋಣಿ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದ, ಹೊರಗಿದ್ದ ಮೊಲದಂಥ ಹುಡುಗನಿಗೂ ಕೊಟ್ಟ, ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿಸಿದ. ಎರಡು ಗಂಟೆಯ ಮೇಲೆ ನಮ್ಮ ವಾದ ಮುಗಿದಾಗ ಸೀತೂರಯ್ಯ ಬೆವರು ಒರೆಸಿಕೊಂಡು ನನ್ನ ಬೆನ್ನು ತಟ್ಟಿದರು. ಅವರ ಮುಖದಲ್ಲಿ ಸಿಟ್ಟಿನ ಲವಲೇಶವೂ ಇರಲಿಲ್ಲ.

“ಭಲೇ ಮೇಷ್ಟ್ರೆ! ಇಂಥ ಎದುರಾಳಿ ಸಿಗದೆ ಹತ್ತು ವರ್ಷ ಆಗಿತ್ತು. ನಿಮ್ಮನ್ನ ಇಂಗ್ಲಿಷ್ ಮಾಸ್ತರಿಕೆಗೆ ಹಾಕಿ ಹಾಳು ಮಾಡೋದಾ? ಛೇ! ಸೀತೂರಿನ ಕೂಟಕ್ಕೆ ಹೇಳಿಕಳಿಸ್ತೆ, ಬನ್ನಿ.”

ಕೆಲಸ ‘ಎಸ್ ಸಾರ್’ಗೆ ಆಯಿತು.

ಸಾವಿತ್ರಿ ಬಾಡಿಗೆ ಮನೆಯ ಜಗಲಿಯಲ್ಲಿ ನಿಂತು ಎದುರು ಮನೆಯ ಹೆಂಗಸಿನೊಡನೆ ಮಾತಾಡುತ್ತಿದ್ದಳು. “ಮುಂದಿನ ತಿಂಗಳು ಬರ್ತೇವೆ ಅಕ್ಕ. ನಮ್ಮನೆಯವ್ರಿಗೆ ಇಲ್ಲೇ ಕೆಲಸ” ಎನ್ನುವುದು ದೂರದಿಂದಲೇ ಕೇಳಿಸಿತು. ನನ್ನ ಮುಖ ನೋಡಿದಳು. ಆ ಹೆಂಗಸಿಗೆ “ಬರ್ತೇನೆ ಅಕ್ಕ” ಎಂದು ಹೇಳಿ ಜಗಲಿಯಿಂದ ಇಳಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ದಿನ ಕೆರೆಕಟ್ಟೆಯಲ್ಲಿ ಬೀಗ ತೆಗೆದೆವು. ಸಾವಿತ್ರಿ ಟ್ರಂಕನ್ನು ಒಳಗಿಟ್ಟು, ಹೊಸಿಲಿನ ಮೇಲೆ ಕೂತು, ಎದುರಿನ ಹೆಬ್ಬಲಸಿನ ಮರವನ್ನು ನೋಡಿದಳು.

“ಕೇಳಿದ್ರಾ ಅಕ್ಕ?” ಎಂದಳು ಮರಕ್ಕೆ. “ನಮ್ಮನೆಯವ್ರು ಎರಡೂ ಸಲ ಗೆದ್ದು ಬಂದಿದಾರೆ.”

ಮರ ಸುಮ್ಮನಿತ್ತು. ಕ್ಲಬ್ಬಿನವನ ಮುತ್ತಜ್ಜನವರೆಗೆ ಪೀಠಿಕೆ ಹೇಳಬಲ್ಲ ನಾನೂ ಸುಮ್ಮನೆ ನಿಂತೆ. ನಾಚಿಕೆಯಿಂದ ನೆಲ ನೋಡಿದೆ. ಆಮೇಲೆ ಕೈಚೀಲ ಕೆಳಗಿಟ್ಟು, ಅಂಗಳ ದಾಟಿ, ಆ ಮರದ ಬುಡಕ್ಕೆ ಹೋಗಿ, ಅವಳ ಕಡೆ ಮುಖ ಮಾಡಿ ನಿಂತೆ. ಶಲ್ಯವನ್ನು ತಲೆಯ ಮೇಲೆ ಸೆರಗಿನ ಹಾಗೆ ಎಳೆದುಕೊಂಡೆ.

“ಎಂತ ತಿಂಡಿ ಸಾವಿತ್ರಿ?” ಎಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಎಂತದೂ ಇಲ್ಲ ಅಕ್ಕ. ನಮ್ಮನೆಯವ್ರ ಬಾಯಿ ಒಂದಿದ್ಯಲ್ಲ, ಅದೇ ಎಲ್ಲ ತಿಂದು ಹಾಕ್ತು” ಎಂದಳು. “ನಿಮ್ಮನೆಯವ್ರು ಹೇಗೆ? ಮಾತು ಕಮ್ಮಿಯಾ?”

“ಬಹಳ ಕಮ್ಮಿ” ಎಂದೆ.

“ಪುಣ್ಯವಂತರು!”

ಅಂದಿನಿಂದ ದಿನಾ ಬೆಳಿಗ್ಗೆ, ಶಾಲೆಯ ಗಂಟೆ ಬಾರಿಸುವ ಮುಂಚೆ, ನಾನು ಆ ಮರದ ಬುಡದಲ್ಲಿ ನಿಂತು ಎದುರು ಮನೆಯ ಅಕ್ಕನ ಅರ್ಥ ಹೇಳುತ್ತೇನೆ. ಪೀಠಿಕೆ ಇಲ್ಲ. ಮೂರೇ ಶಬ್ದ. ಆ ಪಾತ್ರದಲ್ಲಿ ನಾನು ಇದುವರೆಗೆ ಒಮ್ಮೆಯೂ ಗೆದ್ದಿಲ್ಲ!